ಅಳತೆ ಕಂಬದ ಮುಂದೆ ಹೇಳಬಾರದ ಸುಳ್ಳು

ನಮ್ಮತ್ತೆಗೆ ರೋಲರ್ ಕೋಸ್ಟರ್ ಅಂದ್ರೆ ಆಗಲ್ಲ. ಟಿವೀಲಿ ಅದರ ಜಾಹೀರಾತು ಬಂದ್ರೂ ಸಾಕು, "ಅಯ್ಯೋ, ಆ ಕಬ್ಬಿಣದ ಹಾವಿನ ಮ್ಯಾಲೆ ಕುಂತ್ಕೊಳಕ್ಕೆ ದುಡ್ಡು ಬ್ಯಾರೆ ಕೊಟ್ಟು ಹೋಯ್ತೀರಾ? ಬೋ ಧೈರ್ಯ ಕಣ್ರವ್ವ ನಿಮ್ಗೆ" ಅಂತಾರೆ. ಅದೇ ನಮ್ಮತ್ತೆ ಜಾತ್ರೆ ದಿವಸ ಎಲೆಅಡಿಕೆ ಚೀಲದಿಂದ ನೋಟು ತೆಗ್ದು, "ಹೋಗಿ ತೊಟ್ಲಲ್ಲಿ ಕುಂತ್ಕೊಂಡು ಬನ್ನಿ ಮಕ್ಳೇ" ಅಂತ ಹೈಕ್ಳ ಕೈಗೆ ಕೊಡ್ತಾರೆ. ಪಾರ್ಕಿನ ರೈಲು ಅಂದ್ರೆ ಯಮ, ಜಾತ್ರೆ ತೊಟ್ಲು ಅಂದ್ರೆ ಆಟ. ನಮ್ಮತ್ತೇನ ಯಾಕೆ ದೂರಲಿ, ಹೋದ ವರ್ಷದವರೆಗೂ ನಾನೂ ಹಂಗೇ ಅಂದ್ಕೊಂಡಿದ್ದೆ. ಹೋದ ವರ್ಷ ಒಂದು ಸಂಗತಿ ನಡೀತು. ಅದನ್ನ ನಿಮಗೆ ಹೇಳಲೇಬೇಕು, ನಾಚಿಕೆ ಆದ್ರೂ.

ವಂಡರ್‌ಲಾ ನಮ್ಮ ಬೈರಮಂಗಲಕ್ಕೆ ಏನು ದೂರ? ಬಿಡದಿಗೆ ಹೋಗಿ, ಮೈಸೂರು ರಸ್ತೇಲಿ ಬೆಂಗಳೂರಿನ ಕಡೆ ಒಸಿ ಹೋದ್ರೆ ಬಂತು. 2005ರಲ್ಲಿ ಅದು ಸುರುವಾದಾಗ ಊರಿನವರೆಲ್ಲ ದೊಡ್ಡೋರ ಮನೆ ಮಕ್ಕಳ ಜಾಗ ಅಂತ ದೂರದಿಂದಲೇ ನೋಡ್ತಿದ್ವಿ. ಈಗ ಹಂಗಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮಗೆ ಬಸ್ ಚಾರ್ಜೂ ಇಲ್ಲ. ಸ್ಕೂಲಿನವರು ಕರ್ಕೊಂಡು ಹೋಗ್ತಾರೆ, ಸಂಘದವರು ಹೋಗ್ತಾರೆ, ಬೇಸಿಗೆ ರಜಕ್ಕೆ ಬಂದ ನೆಂಟರ ಮಕ್ಕಳು ಬಾಗಿಲಲ್ಲಿ ಚಪ್ಪಲಿ ಬಿಡೋದಕ್ಕಿಂತ ಮುಂಚೆನೇ "ದೊಡ್ಡಮ್ಮ, ವಂಡರ್‌ಲಾಗೆ ಯಾವತ್ತು?" ಅಂತ ಕೇಳ್ತವೆ.

ಹಂಗೇ ನನ್ನ ತಂಗಿ ಮಗಳು ಪುಟ್ಟಿ ಬಂದಿದ್ಲು. ಒಂಬತ್ತು ವರ್ಷ, ಕಡ್ಡಿ ಹಂಗೆ ಇದ್ದಾಳೆ. ಪಾರ್ಕಿಗೆ ಹೋದ್ವಿ. ಒಳಗೆ ಹೋಗುವಾಗ ಎತ್ತರ ನೋಡಿ ಮಕ್ಕಳ ಟಿಕೆಟ್ಟೋ ದೊಡ್ಡೋರ ಟಿಕೆಟ್ಟೋ ಅಂತ ಕೊಡ್ತಾರಲ್ಲ, ಅಲ್ಲಿ ನನ್ನ ತಂಗಿ ಮೆಲ್ಲಗೆ, "ಮಂಡಿ ಒಸಿ ಬಗ್ಗಿಸ್ಕೊಂಡು ನಿಂತ್ಕೊಳೆ" ಅಂದ್ಲು. ಒಳಕ್ಕೆ ಹೋಗಿ ದೊಡ್ಡ ರೈಡಿನ ಕ್ಯೂನಲ್ಲಿ ನಿಂತಾಗ ಅಲ್ಲೂ ಒಂದು ಅಳತೆ ಕಂಬ. ಈಗ ನಾನು ಏನು ಮಾಡಿದೆ ಗೊತ್ತಾ? ಅವಳ ಜಡೆ ಬಿಚ್ಚಿ ನೆತ್ತಿ ಮೇಲೆ ತುರುಬು ಕಟ್ಟಿ, "ಹಿಮ್ಮಡಿ ಎತ್ತಿ ನಿಂತ್ಕೊ ಮಗಳೇ" ಅಂದೆ. ಒಂದೇ ಗಂಟೇಲಿ ಒಂದೇ ಮಗೂನ ಒಂದ್ಸಲ ಕುಳ್ಳಿ ಮಾಡಿ, ಇನ್ನೊಂದ್ಸಲ ಎತ್ತರ ಮಾಡಿದ್ವಿ!

ಅಲ್ಲಿ ನಿಂತಿದ್ದ ಹುಡುಗ ತುರುಬನ್ನ ಕೈಯಲ್ಲಿ ಮೆಲ್ಲಗೆ ಒತ್ತಿ, "ಹಿಮ್ಮಡಿ ಊರಮ್ಮ" ಅಂದ. ಎರಡು ಬೆರಳು ಕಮ್ಮಿ. "ಎರಡೇ ಬೆರಳು ಕಣಪ್ಪ, ಬುಡು. ನಾನು ಪಕ್ಕದಲ್ಲೇ ಕುಂತಿರ್ತೀನಿ, ಗಟ್ಟಿಯಾಗಿ ಹಿಡ್ಕೊಂಡಿರ್ತೀನಿ" ಅಂದೆ. "ಆಗಲ್ಲ ಅಕ್ಕ" ಅಂದ. ಪುಟ್ಟಿ ಅತ್ಲು. ನಾವಿಬ್ರೂ ಅವನಿಗೆ ದಾರಿಯುದ್ದಕ್ಕೂ ಬೈಕೊಂಡು ಬಂದ್ವಿ. ಅಷ್ಟು ದುಡ್ಡು ಕೊಟ್ಟೂ ಮಗು ಅಳಿಸಿಬುಟ್ನಲ್ಲ ಅಂತ.

ಸುಮಾರು ಒಂದು ತಿಂಗಳಾದ ಮೇಲೆ ಒಂದು ಊರಿನ ಜಾತ್ರೆಗೆ ಹೋದ್ವಿ. ಯಾವೂರು ಅಂತ ಬ್ಯಾಡ, ಎಲ್ಲಾ ಊರಲ್ಲೂ ಅದೇ ಕತೆ. ಅಲ್ಲಿ ಕೊಲಂಬಸ್ ಹಾಕಿದ್ರು. ಅದೇ, ಹಡಗಿನ ಹಂಗೆ ಅತ್ಲಾಗೆ ಇತ್ಲಾಗೆ ತೂಗ್ತದಲ್ಲ, ಅದು. ಕಂಬ ಇಲ್ಲ, ಅಳತೆ ಇಲ್ಲ, ಯಾರೂ ಏನೂ ಕೇಳಲಿಲ್ಲ. ಪುಟ್ಟಿಗೆ ಖುಷಿಯೋ ಖುಷಿ. ತುದಿ ಸೀಟೇ ಬೇಕು ಅಂದ್ಲು. ಅವಳು, ನಾನು, ಪಕ್ಕಕ್ಕೆ ಎದುರು ಮನೆ ಅಕ್ಕ, ಮೂರು ಜನ ಕುಂತ್ವಿ. ಬೆಲ್ಟ್ ಇಲ್ಲ. ಮೂರು ಜನಕ್ಕೂ ಸೇರಿ ಅಡ್ಡಕ್ಕೆ ಒಂದೇ ಕಬ್ಬಿಣದ ಸರಳು. ಆ ಸರಳು ಬಂದು ಎದುರು ಮನೆ ಅಕ್ಕನ ಹೊಟ್ಟೆಗೆ ತಾಗಿ ನಿಂತ್ಕೊಂಡ್ತು. ಅಕ್ಕ ದಪ್ಪ, ನಾನೇನು ಸಣ್ಣ ಅಲ್ಲ. ಪುಟ್ಟಿ ತೊಡೆಗೂ ಸರಳಿಗೂ ನಡುವೆ ಎಷ್ಟು ಜಾಗ ಉಳೀತು ಅಂದ್ರೆ, ಅಲ್ಲಿ ಒಂದು ಬಿಂದಿಗೆ ಇಡಬಹುದಿತ್ತು. ನಾನು ನೋಡಿದೆ. ನೋಡಿಯೂ ಸುಮ್ಕಿದ್ದೆ.

ನಾಕನೇ ಸಲವೋ ಐದನೇ ಸಲವೋ ಮೇಲಕ್ಕೆ ಹೋದಾಗ ಎಲ್ಲರೂ ಸೀಟಿಂದ ಒಂಚೂರು ಎದ್ವಿ. ನಾವು ದೊಡ್ಡೋರು ಸರಳಿಗೆ ತಗಲಿ ವಾಪಸ್ ಕುಂತ್ವಿ. ಪುಟ್ಟಿಗೆ ತಗಲೋಕೆ ಏನೂ ಇರಲಿಲ್ಲ. ಅವಳು ಸರಳಿನ ಕೆಳಗೆ ಮುಂದಕ್ಕೆ ಜಾರಿದ್ಲು. ಹೆಂಗೋ ನನ್ನ ಕೈ ಅವಳ ಲಂಗದ ನಡಕ್ಕೆ ಸಿಕ್ತು. ಆಟ ನಿಲ್ಲೋ ತನಕ ಎರಡು ಕೈಯಲ್ಲೂ ಅವಳನ್ನ ಅವುಚಿಕೊಂಡು "ನಿಲ್ಸೋ ನಿಲ್ಸೋ" ಅಂತ ಕಿರುಚಿದೆ. ಕೆಳಗಿದ್ದವನು ಖುಷಿಗೆ ಕಿರುಚ್ತಾವ್ರೆ ಅಂದ್ಕೊಂಡ. ಹಾಡು ಬೇರೆ ಜೋರಾಗಿ ಹಾಕಿದ್ದ.

ಏನೂ ಆಗಲಿಲ್ಲ. ದೇವರು ದೊಡ್ಡೋನು. ಅವತ್ತು ರಾತ್ರಿ ಮಲಗಿದ್ರೆ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದ್ರೆ ಆ ಪಾರ್ಕಿನ ಹುಡುಗನ ಮುಖ. "ಪಕ್ಕದಲ್ಲೇ ಕುಂತಿರ್ತೀನಿ, ಗಟ್ಟಿಯಾಗಿ ಹಿಡ್ಕೊಂಡಿರ್ತೀನಿ" ಅಂದಿದ್ದೆನಲ್ಲ ನಾನು! ಹಿಡ್ಕೊಳೋದು ಅಂದ್ರೆ ಎಷ್ಟು ಅಂತ ಅವತ್ತು ಗೊತ್ತಾಯ್ತು.

ಆಮೇಲೆ ಇಂಜಿನಿಯರಿಂಗ್ ಓದ್ತಿರೋ ನನ್ನ ಮೈದುನನ ಮಗನ್ನ ಕೂರಿಸ್ಕೊಂಡು ಕೇಳ್ದೆ, ಈ ಯಂತ್ರ ಹೆಂಗೆ ಓಡ್ತದಪ್ಪ ಅಂತ. ಅವನು ಹೇಳಿದ್ದು ಕೇಳಿ ನನಗೆ ಆಶ್ಚರ್ಯ ಆಯ್ತು. ನಿಮಗೂ ಹೇಳ್ತೀನಿ.

ಸಾಮಾನ್ಯವಾಗಿ ರೋಲರ್ ಕೋಸ್ಟರ್ ರೈಲಿಗೆ ಇಂಜಿನ್ನೇ ಇರಲ್ಲ. ಮೊದಲನೇ ದಿಬ್ಬಕ್ಕೆ ಸರಪಣಿಯಲ್ಲಿ ಎಳ್ಕೊಂಡು ಹೋಗಿ ಬಿಟ್ಟುಬಿಡ್ತಾರೆ. ಆಮೇಲೆ ಓಡೋದೆಲ್ಲ ಇಳಿಜಾರಿನ ಓಟ, ನಾವು ಚಿಕ್ಕೋರಿದ್ದಾಗ ತೆಂಗಿನ ಗರಿ ಮೇಲೆ ಕುಂತು ಕೆರೆ ಏರಿಯಿಂದ ಜಾರ್ತಿದ್ದೆವಲ್ಲ, ಹಂಗೆ. ಮೇಲಕ್ಕೆ ಹೋಗುವಾಗ "ಟಕ ಟಕ ಟಕ" ಅಂತ ಸದ್ದು ಬತ್ತದೆ, ಅದನ್ನ ಕೇಳಿಯೇ ನಮ್ಮ ಎದೆ ಹೊಡ್ಕೊಳೋದು. ಆದ್ರೆ ಆ ಸದ್ದು ಏನು ಗೊತ್ತಾ? ಅಕಸ್ಮಾತ್ ಸರಪಣಿ ಕೈಕೊಟ್ರೆ ರೈಲು ಹಿಂದಕ್ಕೆ ಜಾರಬಾರದು ಅಂತ ಹಲ್ಲು ಹಲ್ಲಿಗೂ ಕಚ್ಚಿಕೊಂಡು ಹೋಗೋ ಕೊಂಡಿಯ ಸದ್ದು. ನಮ್ಮನ್ನ ಹೆದರಿಸೋ ಸದ್ದೇ ನಮ್ಮನ್ನ ಕಾಯೋ ಸದ್ದು.

ಇನ್ನು ಚಕ್ರ. ಎತ್ತಿನ ಗಾಡಿ ಹಂಗೆ ಮೇಲೆ ಮಾತ್ರ ಇರಲ್ಲ. ಹಳಿ ಮೇಲೊಂದು, ಪಕ್ಕಕ್ಕೊಂದು, ಹಳಿಯ ಕೆಳಗೊಂದು, ಹಿಂಗೆ ಮೂರು ಕಡೆಯಿಂದ ಹಳೀನ ಹಿಡ್ಕೊಂಡಿರ್ತವೆ. ಕೆಳಗಡೆ ಚಕ್ರಕ್ಕೆ 1919ರಲ್ಲೇ ಅಮೆರಿಕದ ಜಾನ್ ಮಿಲ್ಲರ್ ಅನ್ನೋರು ಪೇಟೆಂಟ್ ತಗೊಂಡಿದ್ರು. ಅದಕ್ಕೇ ರೈಲು ಹಳಿ ಬಿಟ್ಟು ಮೇಲಕ್ಕೆ ಹಾರಲ್ಲ. ತಲೆಕೆಳಗಾದಾಗ ಬೀಳಲ್ವಾ ಅಂದ್ರೆ, ನೀರು ತುಂಬಿದ ಚೊಂಬನ್ನ ಜೋರಾಗಿ ಸುತ್ತ ಬೀಸಿದ್ರೆ ನೀರು ಚೆಲ್ತದಾ? ಇಲ್ಲ. ಅದೇ ಲೆಕ್ಕ. ಆಧುನಿಕ ರೈಡುಗಳಲ್ಲಿ ದಾರೀನ ತುಂಡು ತುಂಡು ಮಾಡಿರ್ತಾರೆ. ಒಂದು ತುಂಡಲ್ಲಿ ಒಂದು ರೈಲು ಇರೋ ತನಕ ಹಿಂದಿನ ರೈಲು ಅಲ್ಲಿಗೆ ಬರಕ್ಕೆ ಬಿಡಲ್ಲ. ಒಳ್ಳೆ ಪಾರ್ಕುಗಳಲ್ಲಿ ದಿನಾ ವತ್ತಾರೆ ಜನ ಬರೋಕೆ ಮುಂಚೆ ಖಾಲಿ ರೈಲು ಓಡಿಸಿ ನೋಡ್ತಾರೆ.

ಈ ಆಟದ ವಯಸ್ಸೂ ಏನು ಕಮ್ಮಿ ಅಲ್ಲ. ರಷ್ಯಾದಲ್ಲಿ ಚಳಿಗಾಲಕ್ಕೆ ಮರದ ದಿಬ್ಬ ಕಟ್ಟಿ, ನೀರು ಹಾಕಿ ಮಂಜುಗಡ್ಡೆ ಮಾಡಿ ಜಾರ್ತಿದ್ರಂತೆ. 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲ್ಯಾಂಡ್‌ನಲ್ಲಿ ಥಾಂಪ್ಸನ್ ಅನ್ನೋರು ದುಡ್ಡು ತಗೊಂಡು ಕೂರಿಸೋ ರೈಲು ಮಾಡಿದ್ರು. ಅದರ ವೇಗ ಗಂಟೆಗೆ 10 ಕಿಲೋಮೀಟರ್ ಆಸುಪಾಸು, ನಮ್ಮೂರಿನ ಸೈಕಲ್ಲಿಗಿಂತ ಕಮ್ಮಿ! ನಮ್ಮ ಬಿಡದಿ ಹತ್ರ ವಂಡರ್‌ಲಾ ಬಂದ 2005ರಲ್ಲೇ ಅಮೆರಿಕದಲ್ಲಿ ಕಿಂಗ್ಡಾ ಕಾ ಅಂತ ಒಂದು ಬಂತು, 139 ಮೀಟರ್ ಎತ್ತರ, ಗಂಟೆಗೆ 206 ಕಿಲೋಮೀಟರ್. ನಮ್ಮ ತೆಂಗಿನ ಮರಗಳನ್ನ ಒಂದರ ಮೇಲೊಂದು ಆರೇಳು ನಿಲ್ಲಿಸಿದಂಗೆ. ಅದನ್ನ 2024ರಲ್ಲಿ ನಿಲ್ಲಿಸಿದ್ರು.

ಅಮೆರಿಕದ ಕಾಯಂ ಪಾರ್ಕುಗಳಲ್ಲಿ ಸುಮಾರು 1 ಕೋಟಿ 55 ಲಕ್ಷ ಸವಾರಿಗೆ ಒಂದು ದೊಡ್ಡ ಗಾಯ ಅಂತ ಆ ಉದ್ಯಮದ ಸಂಘ ಲೆಕ್ಕ ಹೇಳ್ತದೆ. ಅದು ಅವರದೇ ಲೆಕ್ಕ, ಅವರ ದೇಶದ ಲೆಕ್ಕ. ಮೂರು ದಿವಸಕ್ಕೆ ಬಂದು ನಾಕನೇ ದಿವಸ ಲಾರಿ ಹತ್ತೋ ನಮ್ಮ ಜಾತ್ರೆ ತೊಟ್ಲು ಅದರಲ್ಲಿ ಸೇರಿಲ್ಲ.

ಅಳತೆ ಕಂಬದ ವಿಷಯಕ್ಕೆ ಬತ್ತೀನಿ. ನಾವು ಏನಂದ್ಕೊಂಡಿದ್ದೀವಿ? ಮಗು ಹೆದರ್ಕೊಂಡುಬುಡ್ತದೆ ಅಂತ ಕಂಬ ಇಟ್ಟವ್ರೆ, ನಮ್ಮ ಮಗು ಧೈರ್ಯಸ್ಥೆ, ಹಂಗಾಗಿ ಅವಳಿಗೆ ಬ್ಯಾಡ ಅಂತ. ಧೈರ್ಯಕ್ಕೂ ಕಂಬಕ್ಕೂ ಸಂಬಂಧವೇ ಇಲ್ಲ. ಸೀಟು, ಭುಜದ ಪಟ್ಟಿ, ತೊಡೆ ಸರಳು ಇವೆಲ್ಲ ಒಂದು ಅಳತೆ ಮೈಗೆ ಅಂತ ಮಾಡಿರ್ತಾರೆ. ಬಸ್ಸಿನ ಹಿಂದಿನ ಸೀಟಲ್ಲಿ ಕುಂತಿದ್ದಾಗ ಹಂಪ್ ಬಂದ್ರೆ ಒಂದು ಗೇಣು ಎದ್ದು ಬೀಳ್ತೀವಲ್ಲ, ರೈಡಲ್ಲಿ ಅದೇ ಆಗ್ತದೆ, ಬೇಕು ಅಂತಲೇ ಮಾಡ್ತಾರೆ, ಮಜಾ ಇರೋದೇ ಅಲ್ಲಿ. ಆಗ ಮೈ ಎದ್ದು ಹೋಗಿ ಸರಳಿಗೆ ತಗಲಬೇಕು. ಮೈ ಚಿಕ್ಕದಾದ್ರೆ ತಗಲಲ್ಲ, ಜಾರ್ತದೆ. ಇನ್ನು ಕೆಲವು ಕಡೆ ತಿರುವಲ್ಲಿ ನಮ್ಮ ಭಾರ ಮೂರು ಪಟ್ಟು, ನಾಕು ಪಟ್ಟು ಆದಂಗೆ ಆಗ್ತದೆ. 25 ಕಿಲೋ ಮಗು ಆ ಒಂದು ಗಳಿಗೆ 75, 100 ಕಿಲೋ ಆದಂಗೆ. ಒಂದು ಮೂಟೆ ರಾಗೀನ ಒಂದು ಕೈಯಲ್ಲಿ ಹಿಡ್ಕೊಳಕ್ಕೆ ಆಗ್ತದಾ? "ನಾನು ಹಿಡ್ಕೊಂಡಿರ್ತೀನಿ" ಅನ್ನೋ ಮಾತಿಗೆ ಬೆಲೆ ಇಲ್ಲ ಕಣ್ರಕ್ಕ, ಅದು ಎಂಥಾ ತಾಯೀನೇ ಹೇಳಲಿ.

ಪಾರ್ಕು ಅಂದ ಮಾತ್ರಕ್ಕೆ ಪ್ರಾಣಕ್ಕೆ ಪೂರಾ ಜಾಮೀನು ಅಂತ ನಾನು ಹೇಳ್ತಿಲ್ಲ. 2019ರ ಜುಲೈನಲ್ಲಿ ಅಹಮದಾಬಾದಿನ ಕಾಂಕರಿಯಾ ಕೆರೆ ಹತ್ರದ ಪಾರ್ಕಲ್ಲಿ ತೂಗೋ ರೈಡು ಮುರಿದು ಬಿದ್ದು ಇಬ್ಬರು ಸತ್ತರು, ತುಂಬ ಜನಕ್ಕೆ ಗಾಯ ಆಯ್ತು. 2025ರ ಏಪ್ರಿಲ್‌ನಲ್ಲಿ ದೆಹಲಿಯ ಒಂದು ಪಾರ್ಕಲ್ಲಿ 24 ವರ್ಷದ ಹೆಣ್ಣುಮಗಳು ರೋಲರ್ ಕೋಸ್ಟರಿಂದ ಬಿದ್ದು ತೀರ್ಕೊಂಡ್ಲು. ಮೇಳದ ಕತೆ ಬೇರೆ. 2022ರ ಸೆಪ್ಟೆಂಬರಲ್ಲಿ ಪಂಜಾಬಿನ ಮೊಹಾಲಿಯಲ್ಲಿ ಮೇಲಕ್ಕೆ ಹೋಗಿ ಇಳಿಯೋ ರೈಡು ಜನರ ಸಮೇತ ಧಡಾರ್ ಅಂತ ಬಿದ್ದ ವಿಡಿಯೋ ನೀವೂ ಫೋನಲ್ಲಿ ನೋಡಿರ್ತೀರಿ. ಅಷ್ಟು ದೂರ ಯಾಕೆ, ನಮ್ಮ ಪಕ್ಕದ ಶ್ರೀರಂಗಪಟ್ಟಣದಲ್ಲೇ 2023ರ ಜನವರಿಯಲ್ಲಿ, ರಥಸಪ್ತಮಿ ಹೊತ್ತಲ್ಲಿ, ಜೈಂಟ್ ವೀಲಿಗೆ ಒಂದು ಹುಡುಗಿಯ ಕೂದಲು ಸಿಕ್ಕಿಕೊಂಡು ನೆತ್ತಿ ಚರ್ಮವೇ ಕಿತ್ತುಬಂತು.

ಈ ಕೂದಲಿನ ಮಾತು ಗಂಡಸ್ರು ಬರೆಯೋ ಸುರಕ್ಷತೆ ಬೋರ್ಡಲ್ಲಿ ಎಲ್ಲೋ ಮೂಲೇಲಿ ಇರ್ತದೆ. ನಮಗೆ ಅದೇ ಮೊದಲನೇ ಮಾತು. ಜಾತ್ರೆಗೆ ಹೋಗ್ತಾ ನಾವು ಹೆಣ್ಮಕ್ಕಳಿಗೆ ಏನು ಮಾಡ್ತೀವಿ? ತಲೆ ಸ್ನಾನ ಮಾಡಿಸಿ, ಕೂದಲು ಹರಡಿ, ಮಲ್ಲಿಗೆ ಮುಡಿಸಿ, ಉದ್ದ ವೇಲು ಹಾಕಿ ಕಳಿಸ್ತೀವಿ. ಬೈಕಿನ ಹಿಂದಿನ ಚಕ್ರಕ್ಕೆ ಸೀರೆ ಸಿಕ್ಕಬಾರದು ಅಂತ ಸೀರೆ ಗಾರ್ಡ್ ಹಾಕಬೇಕು ಅಂತ ಕಾನೂನೇ ಐತೆ. ಜಾತ್ರೆ ತೊಟ್ಲಿಗೆ ಯಾರು ಹಾಕವ್ರೆ ಗಾರ್ಡು? ಅದಕ್ಕೇ ಹತ್ತೋಕೆ ಮುಂಚೆ ಕೂದಲು ಹೆಣೆದು ಗಂಟು ಕಟ್ಟಿ. ವೇಲು ತೆಗ್ದು ಚೀಲಕ್ಕೆ ಹಾಕಿ. ಸೆರಗು ಸುತ್ತಿ ಸೊಂಟಕ್ಕೆ ಸಿಕ್ಕಿಸಿ ಪಿನ್ನು ಹಾಕಿ. ಕೆಳಗೆ ನಿಂತೋರ ಕೈಗೆ ಸರ, ಫೋನು ಕೊಡಿ. ಮೇಲಿಂದ ಬಿದ್ದ ಫೋನು ಕೆಳಗಿರೋರ ತಲೆ ಒಡೀತದೆ.

ಇನ್ನೊಂದು ಮಾತು, ಇದನ್ನ ಎಲ್ಲೂ ಯಾರೂ ಬರೆಯಲ್ಲ. ಬಸುರಿಯರು, ಎದೆ ನೋವು, ಬಿಪಿ, ಬೆನ್ನು ಕತ್ತು ನೋವು ಇರೋರು, ಹೊಸದಾಗಿ ಆಪರೇಷನ್ ಆದೋರು ದೊಡ್ಡ ರೈಡು ಹತ್ತಬಾರದು ಅಂತ ಬೋರ್ಡು ಇರ್ತದೆ. ಸರಿ. ಆದ್ರೆ ನಮ್ಮಲ್ಲಿ ಮೂರು ತಿಂಗಳು ತುಂಬೋ ತನಕ ಬಸುರಿ ಅನ್ನೋದನ್ನ ಯಾರಿಗೂ ಹೇಳಲ್ಲ ಅಲ್ವಾ? ಹೊಸ ಸೊಸೆ ನಾದಿನಿಯರ ಜೊತೆ ಪಾರ್ಕಿಗೆ ಹೋಗ್ತಾಳೆ. "ನಾನು ಬರಲ್ಲ" ಅಂತಾಳೆ. ನಾವು ಬಿಡ್ತೀವಾ? "ಎಷ್ಟು ಪುಕ್ಲು ನೀನು, ಬಾ ಬಾ" ಅಂತ ಕೈ ಹಿಡಿದು ಎಳೀತೀವಿ. ಪಾಪ, ಅವಳು ಹೇಳೋ ಹಂಗೂ ಇಲ್ಲ, ಬಿಡೋ ಹಂಗೂ ಇಲ್ಲ. ಹಂಗಾಗಿ ಒಂದು ನಿಯಮ ಮಾಡ್ಕೊಳೋಣ. ಒಬ್ಬಳು ಬ್ಯಾಡ ಅಂದ್ರೆ ಬ್ಯಾಡ. ಯಾಕೆ ಅಂತ ಕೇಳೋದು ಬ್ಯಾಡ, ನಗೋದು ಬ್ಯಾಡ. "ಸರಿ, ನೀನು ಚೀಲ ನೋಡ್ಕೊ" ಅಂದುಬಿಟ್ರೆ ಅವಳ ಮಾನವೂ ಉಳೀತದೆ.

ಇಷ್ಟೆಲ್ಲ ಹೇಳಿದ್ರೆ ನೀವು ಕೇಳ್ತೀರಿ, ಹಂಗಾದ್ರೆ ಜಾತ್ರೇಲಿ ತೊಟ್ಲು ನಿಲ್ಲಿಸಿಬುಡೋಣವಾ ಅಂತ. ಬ್ಯಾಡ್ರವ್ವ. ಪಾರ್ಕಿನ ಟಿಕೆಟ್ಟಿಗೆ ಒಬ್ಬೊಬ್ಬರಿಗೆ ಸಾವಿರ, ಅದಕ್ಕೂ ಮೇಲೆ ಕೊಡಕ್ಕೆ ಎಷ್ಟು ಮನೇಲಿ ಆಗ್ತದೆ? ಎಷ್ಟೋ ಮಕ್ಕಳಿಗೆ ವರ್ಷಕ್ಕೊಂದು ಸಲ ಮುಗಿಲು ಹತ್ರದಿಂದ ಕಾಣೋದು ಆ ತೊಟ್ಲಿಂದಲೇ. ಅದನ್ನ ಊರೂರಿಗೆ ಹೊತ್ಕೊಂಡು ತಿರುಗೋರೂ ಹೊಟ್ಟೆಪಾಡಿನೋರೇ. ಅವರ ಹೆಂಡ್ತಿ ಮಕ್ಕಳು ಅದೇ ಲಾರಿ ಕೆಳಗೆ ಮಲಗಿರ್ತಾರೆ. ಅವರನ್ನ ಓಡಿಸಿದ್ರೆ ಏನು ಬಂತು?

ನಾನು ಹೇಳೋದು ಇಷ್ಟೇ. ಆ ಪಾರ್ಕಿನ ಕಂಬ ಜಾತ್ರೆಗೂ ಬರಲಿ. ಒಂದು ಬಿದಿರು ಗಳಕ್ಕೆ ಬಣ್ಣದಲ್ಲಿ ಗೆರೆ ಎಳೆಯೋಕೆ ಏನು ಖರ್ಚು? ಸೀಟಿಗೊಂದು ಬೆಲ್ಟ್ ಹಾಕೋಕೆ ಎಷ್ಟು? ಇಂಥಾ ಆಟದ ಯಂತ್ರಗಳು ಹೆಂಗಿರಬೇಕು ಅಂತ ನಮ್ಮ ದೇಶದ ಮಾನಕ ಬ್ಯೂರೋ, ಅದೇ ಐಎಸ್‌ಐ ಮಾರ್ಕಿನೋರು, ನಿಯಮ ಬರೆದಿಟ್ಟವ್ರೆ. ಬರೆದಿದ್ದನ್ನ ಕೇಳೋರು ಬೇಕು. ಜಾತ್ರೆ ಮೈದಾನ ಹರಾಜು ಹಾಕೋವಾಗ ಯಾರು ಜಾಸ್ತಿ ದುಡ್ಡು ಕೂಗಿದ್ರು ಅಂತ ಮಾತ್ರ ನೋಡ್ತಾರೆ. ಆ ಕಮಿಟೀಲಿ ಯಾರಿದ್ದಾರೆ? ಬೇರೆ ಯಾರೂ ಅಲ್ಲ, ನಮ್ಮ ಯಜಮಾನ್ರು, ನಮ್ಮ ಭಾವ, ನಮ್ಮ ಅಣ್ಣತಮ್ಮಂದಿರು. ಊಟಕ್ಕೆ ಇಕ್ಕುವಾಗ ಒಂದು ಮಾತು ಕೇಳಿ: "ತೊಟ್ಲಿನೋರು ಯಂತ್ರ ಚೆನ್ನಾಗೈತೆ ಅಂತ ಇಂಜಿನಿಯರ್ ಹತ್ರ ಕಾಗದ ತಂದವ್ರಾ? ಬೆಲ್ಟ್ ಐತಾ? ನೆಲ ಗಟ್ಟಿ ಇರೋ ಕಡೆ ನಿಲ್ಲಿಸ್ತಾವ್ರಾ?" ಸ್ತ್ರೀಶಕ್ತಿ ಸಂಘದ ಮೀಟಿಂಗಲ್ಲಿ ಒಂದು ಅರ್ಜಿ ಬರೆದು ಪಂಚಾಯ್ತಿಗೆ ಕೊಟ್ರೆ ಇನ್ನೂ ಒಳ್ಳೇದು. ನಾನು ಬರೀತೀನಿ, ನೀವು ಸಹಿ ಹಾಕಿ.

ಅಲ್ಲಿ ತನಕ ನಾವೇ ನೋಡ್ಕೋಬೇಕು. ಹತ್ತೋಕೆ ಮುಂಚೆ ಒಂದು ಸುತ್ತು ಸುಮ್ಮನೆ ನಿಂತು ನೋಡಿ. ಸೀಟಿನ ಬಾಗಿಲು ಚಿಲಕದಿಂದ ಹಾಕವ್ನೋ, ಹಗ್ಗದಲ್ಲಿ ಕಟ್ಟವ್ನೋ? ಕಂಬದ ಬುಡದಲ್ಲಿ ಮಳೆ ನೀರು ನಿಂತದಾ? ಕೆಳಗೆ ನಿಂತಿರೋನು ಸವಾರರ ಕಡೆ ನೋಡ್ತಾವ್ನೋ, ಫೋನ್ ನೋಡ್ತಾವ್ನೋ? ಸರಳು ನಿಮ್ಮ ಹೊಟ್ಟೆಗೆ ತಗಲೋದಲ್ಲ, ಪಕ್ಕದ ಮಗುವಿನ ತೊಡೆಗೆ ತಗಲ್ತದಾ ನೋಡಿ. ತಗಲಲಿಲ್ಲ ಅಂದ್ರೆ ಇಳೀರಿ. ಕೊಟ್ಟ ದುಡ್ಡು ಹೋದ್ರೆ ಹೋಗಲಿ, ಅಷ್ಟು ದುಡ್ಡು ಬಳೆ ಅಂಗಡೀಲೂ ಹೋಗ್ತದೆ.

ಈ ವರ್ಷ ಯುಗಾದಿಗೆ ಪುಟ್ಟಿ ಬಂದಿದ್ಲು. ನಮ್ಮ ಅಡುಗೆ ಮನೆ ಬಾಗಿಲ ಚೌಕಟ್ಟಲ್ಲಿ ಮನೆ ಮಕ್ಕಳ ಎತ್ತರ ಪೆನ್ಸಿಲಲ್ಲಿ ಗುರುತು ಹಾಕ್ತೀವಿ. ಅವಳನ್ನ ನಿಲ್ಲಿಸಿದೆ. ಕಳ್ಳಿ, ಅಭ್ಯಾಸ ಬಲ ನೋಡಿ, ತಾನಾಗೇ ಹಿಮ್ಮಡಿ ಎತ್ತಿದ್ಲು. ಕಲಿಸಿದ್ದು ನಾನೇ ಅಲ್ವಾ. "ಹಿಮ್ಮಡಿ ಊರಮ್ಮ" ಅಂದೆ, ಆ ಹುಡುಗ ಅಂದಂಗೇ. ಪಾರ್ಕಿನ ಕಂಬಕ್ಕೆ ಇನ್ನೂ ಅರ್ಧ ಬೆರಳು ಕಮ್ಮಿ ಐತೆ. "ಮುಂದಿನ ವರ್ಷ ದೊಡ್ಡಮ್ಮ?" ಅಂದ್ಲು. "ಮುಂದಿನ ವರ್ಷ. ನಿನ್ನ ಜೊತೆ ನಾನೂ ಕುಂತ್ಕೊತೀನಿ" ಅಂದೆ.

ನಮ್ಮತ್ತೆ ಒಲೆ ಮುಂದೆ ಒಬ್ಬಟ್ಟು ಬೇಯಿಸ್ತಾ ಎಲ್ಲಾ ಕೇಳಿಸ್ಕೊಂಡು, "ನಾನಂತೂ ಬರಲ್ಲ ಕಣವ್ವ" ಅಂದ್ರು. ಯಾಕೆ ಅಂತ ನಾವು ಯಾರೂ ಕೇಳಲಿಲ್ಲ. ಚೀಲ ನೋಡ್ಕೊಳೋಕೆ ಒಬ್ಬರು ಬೇಕಲ್ಲ.